ಕಿಟಕಿ ಹಾಡಿನ ಕೊನೆಯ ಶಾಟ್

ಹೊಟ್ಟೆಕಿಚ್ಚಿಗೆ ವಯಸ್ಸಿನ ಹಂಗಿಲ್ಲ ಎನ್ನುವುದು ಕತ್ತರಿಗೆ ಗೊತ್ತಾದದ್ದು ಒಂದು ಮಂಗಳವಾರ, ಮಧ್ಯಾಹ್ನದ ಊಟ ಮುಗಿಸಿ ಬಂದು ಕಂಪ್ಯೂಟರಿನ ಮುಂದೆ ಕೂತ ಮೇಲೆ.

ಅವಳು ಎಡಿಟರ್. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ತಮಾಷೆಗೆ ಕತ್ತರಿ ಎಂದರು, ಅದೇ ಹೆಸರಾಗಿ ನಿಂತಿತು. ಸಿನಿಮಾ, ಜಾಹೀರಾತು, ಹಾಡು, ಏನೇ ಬರಲಿ, ಬೇಡದ್ದನ್ನು ಕತ್ತರಿಸಿ ಬೇಕಾದ್ದನ್ನು ಕೂಡಿಸುವುದು ಅವಳ ಕಸುಬು. ಅವಳ ನಾಲಿಗೆಯೂ ಅದೇ ಕಸುಬು ಮಾಡುತ್ತದೆ ಎಂದು ಸ್ಟುಡಿಯೋದವರು ಬೆನ್ನ ಹಿಂದೆ ನಗುತ್ತಿದ್ದರು.

ಆ ದಿನ ಅವಳ ಮುಂದಿದ್ದದ್ದು ಕಿಟಕಿ ಹಾಡು. ಆ ಹಾಡು ಗೊತ್ತಿಲ್ಲದವರು ಯಾರಿದ್ದಾರೆ? ಒಂದು ಕೋಣೆ, ಒಂದು ಕಿಟಕಿ, ಒಂದು ದೀಪ, ಕಾಯುತ್ತಿರುವ ಒಬ್ಬಳು ಹುಡುಗಿ. "ದೀಪ ಆರಿಸಬೇಡ, ನಾನಿನ್ನೂ ಬಂದಿಲ್ಲ" ಎಂಬ ಸಾಲು ಬರುವಾಗ ಅವಳು ಎದ್ದು ಕ್ಯಾಮರಾದ ಹತ್ತಿರ ಬರುತ್ತಾಳೆ. ಬಂದಂತೆಲ್ಲ ಬೆಳಕು ಕುಗ್ಗುತ್ತದೆ. ಇನ್ನೇನು ಮುಖ ಕಾಣಬೇಕು, ಅಷ್ಟರಲ್ಲಿ ಕತ್ತಲೆ ಅವಳನ್ನು ನುಂಗಿಬಿಡುತ್ತದೆ. ರಾಗ ಮಾತ್ರ ಉಳಿಯುತ್ತದೆ.

ಹಾಡು ಸಿಹಿ, ಚಿತ್ರ ಕಹಿ. ಆ ಕಹಿಗೇ ಒಂದು ಇಡೀ ತಲೆಮಾರು ಮರುಳಾಗಿತ್ತು. ಅದನ್ನು ಟೀವಿಯಲ್ಲಿ ನೋಡಿ ಬಚ್ಚಲಿಗೆ ಹೋಗಿ ಅತ್ತುಬಂದ ಹುಡುಗಿಯರಲ್ಲಿ ಕತ್ತರಿಯೂ ಒಬ್ಬಳು.

ಈಗ ಹಾಡಿನ ಕಂಪನಿ ಅದನ್ನು ಹೊಸದಾಗಿ ಬಿಡಲು ಹೊರಟಿತ್ತು. ಕಂಪನಿಯ ಮೇಡಂ ಬಂದು ಹೇಳಿದ್ದು ಇಷ್ಟು: "ಹಾಡು ಸೂಪರ್. ಆದ್ರೆ ವಿಡಿಯೋ ಯಾಕ್ರೀ ಸಾವಿನ ಮನೆ ಥರ ಇದೆ? ಜನಕ್ಕೆ ಹಳೇದು ಬೇಕು, ದುಃಖ ಬೇಡ. ಹಳೇ ರೀಲ್ ಎಲ್ಲ ಸ್ಕ್ಯಾನ್ ಮಾಡ್ಸಿ ಕೊಟ್ಟಿದ್ದೀವಿ. ಸ್ವಲ್ಪ ಬೆಳಕು ಮಾಡಿ."

ಕತ್ತರಿ ಆ ಕೆಲಸವನ್ನು ಕೇಳಿ ಪಡೆದಿದ್ದಳು. ಯಾಕೆಂದರೆ ಆ ಹಾಡಿಗೆ ಕ್ಯಾಮರಾ ಹಿಡಿದವನು ಮೋಡ.

ಮೋಡ ಎಂದರೆ ಬಿಸಿಲು ಚುರುಕಾಗಿದ್ದರೆ ಕ್ಯಾಮರಾ ಮುಟ್ಟದವನು. ಒಂದು ಮೋಡ ಅಡ್ಡ ಬರಲಿ, ಬೆಳಕು ಮೆತ್ತಗಾಗಲಿ ಎಂದು ಆಕಾಶ ನೋಡುತ್ತ ಕೂರುವವನು. ನಿರ್ಮಾಪಕರು ಹಲ್ಲು ಕಡಿಯುತ್ತ ಇಟ್ಟ ಹೆಸರು ಅದು. ಮದುವೆಯ ವಯಸ್ಸು ದಾಟಿತು ಎಂದು ಎರಡೂ ಮನೆಯವರು ಕೈ ಬಿಟ್ಟ ಮೇಲೆ ಇವರಿಬ್ಬರು ಕ್ಯಾಂಟೀನಿನ ಒಂದೇ ಮೇಜಿಗೆ ಬಂದು ಕೂತಿದ್ದರು. ಮೊದಲು ಮೇಜು ಒಂದಾಯಿತು, ಆಮೇಲೆ ಮಾತು, ಆಮೇಲೆ ಭಾನುವಾರಗಳು.

ಹೋದ ವಾರ ಸ್ಟುಡಿಯೋದ ಮೆಟ್ಟಿಲಿಳಿಯುವಾಗ ಅವನು ಬ್ಯಾಂಕಿಗೆ ಹೋಗಿಬರೋಣ ಎನ್ನುವ ಹಾಗೆ ಕೇಳಿದ್ದ: "ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬರೋಣ್ವಾ?"

"ಯಾರ ಮದುವೆ?" ಎಂದಿದ್ದಳು ಅವಳು.

"ಬಿಡುವಿದ್ರೆ, ನಮ್ದೇ."

ಅವಳಿಗೆ ಅಲ್ಲೇ ಹೂಂ ಅನ್ನಬೇಕೆನಿಸಿತ್ತು. ಆದರೂ ಆ ಹೂಂ ಅನ್ನುವುದನ್ನು ಕಲ್ಲುಸಕ್ಕರೆಯ ಹಾಗೆ ನಾಲ್ಕು ದಿನ ಬಾಯಲ್ಲೇ ಇಟ್ಟುಕೊಳ್ಳೋಣ ಎಂಬ ಆಸೆ. "ಕಿಟಕಿ ಹಾಡು ಮುಗಿಸ್ತೀನಿ. ಡೆಲಿವರಿ ಕೊಟ್ಟ ದಿನ ಹೇಳ್ತೀನಿ" ಎಂದಿದ್ದಳು.

"ಆಯ್ತು. ಕಾಯೋದು ನನಗೇನು ಹೊಸದಲ್ವಲ್ಲ" ಎಂದು ಅವನು ಕಣ್ಣಿನಲ್ಲೇ ನಕ್ಕಿದ್ದ. ಆ ನಗು ನೆನೆಸಿಕೊಂಡೇ ಅವಳು ಮಂಗಳವಾರದವರೆಗೆ ಕೆಲಸ ಮಾಡಿದ್ದಳು.

ಮಂಗಳವಾರ ಮಧ್ಯಾಹ್ನ ಅವಳು ಕೊನೆಯ ಶಾಟಿಗೆ ಬೆಳಕು ಕೊಟ್ಟಳು.

ಕತ್ತಲೆ ಸ್ವಲ್ಪ ಸ್ವಲ್ಪವೇ ಕರಗಿತು. ಗಲ್ಲ ಕಂಡಿತು, ಮೂಗು ಕಂಡಿತು. ಇಷ್ಟು ವರ್ಷ ಯಾರೂ ನೋಡದಿದ್ದ ಕಿಟಕಿ ಹುಡುಗಿಯ ಮುಖ, ಧೂಳು ಹಿಡಿದ ಗಾಜಿನ ಹಿಂದೆ ನಿಂತಂತೆ, ಪರದೆಯ ತುಂಬ ಬಂದು ನಿಂತಿತು. ಎಷ್ಟು ಚೆಲುವೆ! ಅದಿರಲಿ, ಹಾಡಿನ ಸಾಲು ಮುಗಿದ ಮೇಲೂ ಅವಳ ತುಟಿ ಆಡುತ್ತಿತ್ತಲ್ಲ, ಯಾಕೆ?

ರೀಲಿನಲ್ಲಿ ಧ್ವನಿ ಇರಲಿಲ್ಲ. ಆದರೆ ಕತ್ತರಿಗೆ ಧ್ವನಿ ಬೇಕಾಗಿಯೂ ಇರಲಿಲ್ಲ. ಎಡಿಟಿಂಗಿಗೆ ಬರುವ ಮೊದಲು ಅವಳು ಡಬ್ಬಿಂಗಿನಲ್ಲಿ ದುಡಿದವಳು. ಬೇರೆ ಭಾಷೆಯ ತುಟಿಗೆ ನಮ್ಮ ಮಾತು ಹೊಂದಿಸಿ ಹೊಂದಿಸಿ, ದೂರದ ಮೇಜಿನಲ್ಲಿ ಯಾರು ಯಾರನ್ನು ಬೈಯುತ್ತಿದ್ದಾರೆ ಎನ್ನುವುದನ್ನೂ ತುಟಿ ನೋಡಿ ಹೇಳಬಲ್ಲಳು. ಚಿತ್ರವನ್ನು ನಿಧಾನ ಮಾಡಿದಳು. ಎರಡು ತುಟಿ ಕೂಡಿದವು, ದೊಡ್ಡದಾಗಿ ತೆರೆದವು. ಆಮೇಲೆ ಕೆಳತುಟಿ ಮೇಲಿನ ಹಲ್ಲಿಗೆ ಹಗುರವಾಗಿ ತಾಗಿತು.

ಮಾ... ವ.

ಮಾವ. ಅಮ್ಮನ ತಮ್ಮನಿಗೆ ಹೇಳುವ ಮಾವ ಆಗಿದ್ದರೆ ಕಣ್ಣು ಹಾಗೆ ಹೊಳೆಯುತ್ತಿರಲಿಲ್ಲ. ಇದು ಕೈ ಹಿಡಿಯುವವನಿಗೆ ಹೇಳುವ ಮಾವ. ಹೇಳಿದ ಮೇಲೆ ತುಟಿ ಕಚ್ಚಿಕೊಂಡ ಕಳ್ಳನಗು ಬೇರೆ. ಆ ನಗು ಯಾರಿಗೆ? ಲೆನ್ಸಿನ ಹಿಂದೆ ನಿಂತವನಿಗೆ.

ಕತ್ತರಿ ಹಿಂದಕ್ಕೆ ಒರಗಿದಳು. ಹೊಟ್ಟೆಯಲ್ಲಿ ಯಾರೋ ಕೆಂಡ ಇಟ್ಟು ಊದಿದ ಹಾಗಾಯಿತು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವಳು ಉಳಿದ ರೀಲುಗಳನ್ನೂ ತೆಗೆದು ಕೂತಳು. ಕಟ್ ಎಂದ ಮೇಲೂ ಕ್ಯಾಮರಾ ನಿಂತಿರಲಿಲ್ಲ. ಹುಡುಗಿ ಕೂದಲು ಸರಿ ಮಾಡಿಕೊಳ್ಳುವುದು, ನೀರು ಕುಡಿದು ಗಲ್ಲ ಒರೆಸಿಕೊಳ್ಳುವುದು, ಕೊನೆಗೆ ಸೀನುವುದು ಕೂಡ ಇತ್ತು. ಸೀನುವುದನ್ನೂ ಬಿಟ್ಟಿಲ್ಲವಲ್ಲ ಮಹಾನುಭಾವ! ತಾನು ಪ್ರೀತಿಸದ ಹೆಂಗಸು ಸೀನುವುದನ್ನು ಯಾವ ಗಂಡಸು ನೋಡುತ್ತ ನಿಲ್ಲುತ್ತಾನೆ?

ಹಳೆಯದೆಲ್ಲ ನೆನಪಾಯಿತು. ಬಸ್ಸಿನಲ್ಲಿ ಈ ಹಾಡು ಬಂದರೆ ಮೋಡ ಒಂದು ಸ್ಟಾಪ್ ಮೊದಲೇ ಇಳಿದುಬಿಡುತ್ತಿದ್ದ. ಈ ಹಾಡಿಗೆ ಬಂದ ಪ್ರಶಸ್ತಿಯನ್ನು ಬಾಗಿಲು ಹೊಡೆದುಕೊಳ್ಳದ ಹಾಗೆ ಒತ್ತು ಕೊಡಲು ಇಟ್ಟಿದ್ದ. ಅವಳು ಅದನ್ನೆಲ್ಲ ವಿನಯ ಎಂದುಕೊಂಡಿದ್ದಳು. ವಿನಯವಂತೆ, ಮಣ್ಣಂತೆ!

ಹಳೆಯ ಪ್ರೀತಿ ಇದ್ದದ್ದಕ್ಕೆ ಸಿಟ್ಟಿಲ್ಲ, ನನಗೆ ಹೇಳದಿದ್ದದ್ದಕ್ಕೆ ಸಿಟ್ಟು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅದು ಸುಳ್ಳು. ಪ್ರೀತಿ ಇದ್ದದ್ದಕ್ಕೇ ಸಿಟ್ಟು. ಬಾಯಲ್ಲಿಟ್ಟುಕೊಂಡಿದ್ದ ಕಲ್ಲುಸಕ್ಕರೆ ಈಗ ನುಂಗಲಾರದ ತುತ್ತಾಗಿತ್ತು. ಹೂಂ ಅನ್ನಲು ಹೋದರೆ ಆ ತುಟಿ ಕಣ್ಣೆದುರು ಬರುತ್ತಿತ್ತು, ಊಹೂಂ ಅನ್ನಲು ಮನಸ್ಸಿಲ್ಲ.

ಮಾರನೆಯ ದಿನ ಕ್ಯಾಂಟೀನಿನಲ್ಲಿ ಮೋಡ ಅವಳ ಟೀಯನ್ನೂ ತಂದು ಎದುರಿಗೆ ಕೂತ.

"ಏನು, ಮುಖ ಮೋಡ ಕಟ್ಟಿದೆ?"

"ಆ ಹೆಸರು ನಿಂದು, ನೀನೇ ಇಟ್ಕೋ."

ಅವನು ನಕ್ಕ. ಅವಳು ನಗಲಿಲ್ಲ. ಅವನ ಅಂಗಿಯ ಕಾಲರು ಒಂದು ಕಡೆ ಮಡಿಸಿಕೊಂಡಿತ್ತು. ಬೇರೆ ದಿನವಾಗಿದ್ದರೆ ಅವಳ ಕೈ ತಾನಾಗಿಯೇ ಹೋಗಿ ಸರಿಮಾಡುತ್ತಿತ್ತು. ಇವತ್ತು ಆ ಕೈಯನ್ನು ಲೋಟಕ್ಕೆ ಸುತ್ತಿ ಇಟ್ಟುಕೊಂಡಳು.

"ಕಿಟಕಿ ಹುಡುಗಿ ಚೆನ್ನಾಗಿದ್ಲು ಅಲ್ವಾ?" ಎಂದಳು, ಆಕಾಶ ನೋಡಿ ಮಳೆ ಬರಬಹುದೇ ಎನ್ನುವ ದನಿಯಲ್ಲಿ.

ಅವನ ಚಮಚ ಲೋಟದಲ್ಲಿ ನಿಂತಿತು. "ಹೂಂ. ಚೆನ್ನಾಗಿದ್ಲು."

"ಈಗೆಲ್ಲಿದ್ದಾಳೋ?"

"ಇರ್ತಾಳೆ ಎಲ್ಲೋ." ಲೋಟದೊಳಗೆ ನೋಡುತ್ತಲೇ ಕೇಳಿದ. "ಆ ಕೊನೇ ಶಾಟ್ ಹಾಗೇ ಬಿಟ್ಬಿಡ್ತೀಯಾ?"

"ಯಾಕೆ?"

"ಕತ್ತಲೆ ಇದ್ರೇನೇ ಚೆನ್ನಾಗಿರುತ್ತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಕತ್ತರಿ ಅರ್ಧ ಟೀ ಅಲ್ಲೇ ಬಿಟ್ಟು ಎದ್ದಳು. "ಕೆಲ್ಸ ಇದೆ" ಎಂದಳು. ಅವನು ಕೂತಲ್ಲಿಂದಲೇ ತಲೆಯೆತ್ತಿ ನೋಡಿದ. ಆ ನೋಟಕ್ಕೆ ಕರಗಿಬಿಡುತ್ತೇನೆಂದು ಹೆದರಿ ಅವಳು ಹಿಂದೆ ತಿರುಗದೆ ನಡೆದಳು.

ಎಡಿಟರಿಗೆ ಹೊಟ್ಟೆಕಿಚ್ಚು ಬಂದರೆ ವಿಷ, ಚೂರಿ ಏನೂ ಬೇಡ. ಅವಳು ಬಾಗಿಲು ಹಾಕಿಕೊಂಡು ಕಿಟಕಿ ಹಾಡನ್ನು ಮೊದಲಿನಿಂದ ಕಟ್ಟತೊಡಗಿದಳು. ಹುಡುಗಿ ಕಣ್ಣು ಮಿಟುಕಿಸುವಾಗ ಅರ್ಧ ಮುಚ್ಚಿದ ಕಣ್ಣು, ಸಾಲು ಮರೆತಾಗ ತೆರೆದ ಬಾಯಿ, ಸೀನಿನ ಮೊದಲು ಅಗಲವಾಗುವ ಮೂಗು. ಹುಡುಕಿ ಹುಡುಕಿ, ಮುತ್ತು ಪೋಣಿಸುವ ಶ್ರದ್ಧೆಯಿಂದ ಎಲ್ಲವನ್ನೂ ಜೋಡಿಸಿದಳು. ಬೆಳಕನ್ನಂತೂ ಧಾರಾಳವಾಗಿ ಸುರಿದಳು.

ಶುಕ್ರವಾರ ಕಂಪನಿಯ ಮೇಡಂ ಬಂದು ಅದನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

"ಏನ್ರೀ ಇದು, ಹುಡುಗಿಗೆ ಜ್ವರ ಬಂದಿತ್ತಾ?"

"ಇದ್ದದ್ದನ್ನೇ ಹಾಕಿದ್ದೀನಿ."

"ಬೆಳಕು ಮಾಡಿ ಅಂದ್ರೆ ಮಾನ ಹರಾಜು ಹಾಕಿದ್ದೀರಲ್ಲ! ಆ ಕ್ಯಾಮರಾಮನ್ ಇಲ್ಲೇ ಇದ್ದಾರಂತಲ್ಲ, ಅವರನ್ನ ಕರೆಸಿ ಒಂದ್ಸಲ ತೋರ್ಸಿ. ಸೋಮವಾರ ನನಗೆ ಫೈನಲ್ ಬೇಕು." ಮೇಡಂ ತಾವೇ ಫೋನ್ ಮಾಡಿ ಕರೆಸಿ, ಬ್ಯಾಗು ಎತ್ತಿಕೊಂಡು ಹೋದರು.

ಹಾಗೆ ಮೋಡ, ಇವತ್ತೂ ಕಾಲರು ಮಡಿಸಿಕೊಂಡೇ, ಎಡಿಟಿಂಗ್ ಕೋಣೆಗೆ ಬಂದ. ಕಿಟಕಿಯಿಲ್ಲದ ಪುಟ್ಟ ಕೋಣೆ. ಇರುವ ಎರಡೇ ಕುರ್ಚಿಯಲ್ಲಿ ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಎಷ್ಟೋ ಮಧ್ಯಾಹ್ನ ಹಾಗೆ ತಾಗಲೆಂದೇ ಅವರು ಇಲ್ಲಿ ಕೂತದ್ದುಂಟು. ಇವತ್ತು ಕತ್ತರಿ ಕುರ್ಚಿಯನ್ನು ಗೋಡೆಗೆ ಒತ್ತಿ ಕೂತಳು.

ಹಾಡು ಓಡಿತು. ಮೋಡ ಮೊದಲು ಹುಬ್ಬು ಗಂಟಿಕ್ಕಿದ. ಸೀನು ಬರುವ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಅವಳ ಮೇಲೆ ನಿಂಗೇನೇ ಇಷ್ಟು ದ್ವೇಷ?"

"ತಡಿ. ಇನ್ನೂ ಇದೆ." ಅವಳು ಕೊನೆಯ ಶಾಟ್ ಹಾಕಿದಳು. ಬೆಳಕು ತುಂಬಿದ ಮುಖ, ಕೂಡಿ ತೆರೆಯುವ ತುಟಿ, ಕಳ್ಳನಗು.

ಮೋಡನ ನಗು ಅಲ್ಲೇ ನಿಂತುಹೋಯಿತು.

"ಏನು ಹೇಳ್ತಿದ್ದಾಳೆ?" ಎಂದು ಕೇಳಿದಳು ಕತ್ತರಿ. "ನೀನು ಹೇಳಲ್ಲ. ನಾನೇ ಹೇಳ್ತೀನಿ. ಮಾವ ಅಂತಿದ್ದಾಳೆ. ನಿನ್ನ ನೋಡ್ಕೊಂಡು ಮಾವ ಅಂತಿದ್ದಾಳೆ! ನನ್ನನ್ನ ರಿಜಿಸ್ಟ್ರಾರ್ ಆಫೀಸಿಗೆ ಕರೆಯೋ ಮೊದ್ಲು ಇದನ್ನೊಂದು ಹೇಳ್ಬಹುದಿತ್ತಲ್ವಾ?"

ಮೋಡ ಪರದೆಯನ್ನು ನೋಡಿದ, ಅವಳನ್ನು ನೋಡಿದ. "ಅದು ಮಾವ ಅಲ್ಲ ಕಣೇ" ಎಂದ ಮೆಲ್ಲಗೆ. "ಭಾವ."

"ಏನು?"

"ಭಾವ. ಅವಳೀಗ ನನ್ನ ತಮ್ಮನ ಹೆಂಡ್ತಿ."

ದೂರದ ಊರಿನಲ್ಲಿ ಅವನಿಗೊಬ್ಬ ತಮ್ಮನಿದ್ದಾನೆ ಎನ್ನುವುದು ಅವಳಿಗೆ ಗೊತ್ತಿತ್ತು. ಹೋಗುವುದು ಬರುವುದು ಇರಲಿಲ್ಲ. ಎಲ್ಲ ಮನೆಗಳಲ್ಲೂ ಇರುವಂಥದ್ದೇ ಏನೋ ಮನಸ್ತಾಪ ಎಂದುಕೊಂಡು ಅವಳು ಕೆದಕಿರಲಿಲ್ಲ.

"ತಮ್ಮ ಆಗ ನನ್ನ ಜತೆ ಲೈಟ್ ಕೆಲ್ಸ ಮಾಡ್ತಿದ್ದ. ಕೊನೇ ಶಾಟಿನ ರಿಹರ್ಸಲ್. ಡೈರೆಕ್ಟರು 'ಭಾವ ಸಾಲ್ದು, ಭಾವ ಬೇಕು, ಭಾವ!' ಅಂತ ಗಂಟಲು ಹರ್ಕೋತಿದ್ರು. ಇವಳು ನನ್ನ ಹತ್ರ ಬಂದು, ನೇರ ನನ್ನ ಮುಖ ನೋಡಿ, 'ಭಾವ' ಅಂದ್ಲು. ಎಲ್ರೂ ನಕ್ರು. ಡೈರೆಕ್ಟರನ್ನ ಅಣಕಿಸ್ತಿದ್ದಾಳೆ ಅಂದ್ಕೊಂಡ್ರು. ಪಕ್ಕದಲ್ಲಿ ಲೈಟ್ ಹಿಡ್ಕೊಂಡಿದ್ದ ತಮ್ಮ ಮಾತ್ರ ಕಿವಿವರೆಗೂ ಕೆಂಪಾಗಿ ತಲೆ ತಗ್ಗಿಸ್ದ. ನನಗೆ ಅರ್ಥ ಆಯ್ತು."

ಕತ್ತರಿ ಪರದೆಯ ಕಪ್ಪು ಅಂಚಿನಲ್ಲಿ ಕಂಡ ತನ್ನ ಪ್ರತಿಬಿಂಬ ನೋಡುತ್ತ, ದನಿಯಿಲ್ಲದೆ ಮಾವ ಎಂದಳು. ಭಾವ ಎಂದಳು. ಎರಡಕ್ಕೂ ತುಟಿ ಕೂದಲೆಳೆಯಷ್ಟೂ ಬೇರೆಯಾಗಲಿಲ್ಲ. ಪ, ಬ, ಮ ಮೂರೂ ತುಟಿಗೆ ಒಂದೇ, ಬೇಕಾದ್ದು ತುಂಬಿಕೋ ಎನ್ನುವುದು ಡಬ್ಬಿಂಗಿನವರ ಮೊದಲನೇ ಪಾಠ. ಅದನ್ನು ಅವಳು ಎಷ್ಟು ಜನಕ್ಕೆ ಕಲಿಸಿದ್ದಳೋ. ಹೊಟ್ಟೆಕಿಚ್ಚಿನ ಮುಂದೆ ಕಲಿತದ್ದೆಲ್ಲ ನೀರಲ್ಲಿ ಹೋಮವಾಗಿತ್ತು.

ಇಲ್ಲಿಗೆ ನಿಲ್ಲಿಸಿ ಅವನ ಕಾಲರು ಸರಿಮಾಡಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಕತ್ತರಿ ಇಲ್ಲಿಗೆ ನಿಲ್ಲಿಸುವ ಪೈಕಿಯಲ್ಲ.

"ಮತ್ತೆ ಸೀನಿದ್ದು?"

"ಯಾವ ಸೀನಿದ್ದು?"

"ಕಟ್ ಆದ ಮೇಲೆ ಅವಳು ಸೀನೋದನ್ನ ಯಾಕೆ ಶೂಟ್ ಮಾಡ್ದೆ? ತಮ್ಮನಿಗೆ ತೋರ್ಸೋಕಾ?"

ಅವನು ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡ. "ಇಲ್ಲ. ನನಗೇ ಇಷ್ಟ ಇತ್ತು. ಅವಳ ಮೇಲೆ. ಹೇಳಿರ್ಲಿಲ್ಲ, ಅವಳಿಗೆ ಗೊತ್ತೂ ಇರ್ಲಿಲ್ಲ. ಆ ಮಾತು ಕೇಳಿದ ಮೇಲೆ ಟೇಕ್. ಅವಳು ಹತ್ತಿರ ಬರ್ತಿದ್ರೆ ಆ ಮುಖ ನೋಡೋಕೆ ನನ್ನ ಕೈಲಿ ಆಗ್ಲಿಲ್ಲ. ಲೆನ್ಸಿನ ರಿಂಗ್ ತಿರುಗಿಸ್ತಾ ಹೋದೆ. ಬೆಳಕು ಕಡಿಮೆ ಆಯ್ತು, ಆಯ್ತು, ಪೂರ್ತಿ ಹೋಯ್ತು. ಆ ಕತ್ತಲಲ್ಲಿ ಇನ್ನೊಂದ್ಸಲ ಹೇಳಿದ್ದಾಳೆ ಅಂತ ನನಗೆ ಗೊತ್ತಾಗ್ತಿರೋದು ಇವತ್ತೇ."

"ಡೈರೆಕ್ಟರು ಬೈಲಿಲ್ವಾ?"

"ತಬ್ಕೊಂಡ್ರು! ಆಹಾ, ಇದು ವಿರಹ ಅಂದ್ರು. ಊರೆಲ್ಲ ವಿರಹ ಅಂತು. ಪ್ರಶಸ್ತಿನೂ ಕೊಟ್ರು. ವಿರಹವೂ ಇಲ್ಲ, ಗಿರಹವೂ ಇಲ್ಲ. ಒಡಹುಟ್ಟಿದ ತಮ್ಮನ ಮೇಲೆ ಹೊಟ್ಟೆಕಿಚ್ಚು ಅದು. ಆವತ್ತಿಂದ ಅವನ ಮನೆ ಮೆಟ್ಲು ಹತ್ತಿಲ್ಲ ನಾನು. ಅವನು ಕರೀತಾನೇ ಇದ್ದಾನೆ. ನನಗೆ ಮುಖ ಇಲ್ಲ."

"ಇನ್ನೂ ಇಷ್ಟ ಇದೆಯಾ?" ಕೇಳಬಾರದೆಂದುಕೊಂಡದ್ದನ್ನು ಅವಳು ಕೇಳಿಯೇಬಿಟ್ಟಳು.

"ಅದು ಯಾವಾಗ್ಲೋ ಹೋಯ್ತು. ನಾಚಿಕೆ ಮಾತ್ರ ಉಳ್ಕೊಂಡಿದೆ."

ಕತ್ತರಿಯ ಅನುಮಾನ ಹೋಗಿತ್ತು, ಉರಿ ಹೋಗಿರಲಿಲ್ಲ. ತಾನು ಬಚ್ಚಲಲ್ಲಿ ನಿಂತು ಅತ್ತದ್ದು ಈ ಮನುಷ್ಯನ ಹೊಟ್ಟೆಕಿಚ್ಚಿಗೆ, ಅದೂ ಇನ್ನೊಬ್ಬಳಿಗಾಗಿ ಪಟ್ಟದ್ದಕ್ಕೆ! ಒಬ್ಬಳ ಮುಖ ನೋಡಲಾಗದೆ ಕೋಣೆಯನ್ನೇ ಕತ್ತಲೆ ಮಾಡುವಷ್ಟು ಇವನಿಗೆ ಒಮ್ಮೆ ಇಷ್ಟವಿತ್ತು. ತನಗಾಗಿ ಇವನು ಏನು ಮಾಡಿದ್ದಾನೆ? ಕ್ಯಾಂಟೀನಿನಿಂದ ಟೀ ತಂದುಕೊಟ್ಟಿದ್ದಾನೆ.

"ನನಗೋಸ್ಕರ ಯಾವತ್ತಾದ್ರೂ ಹಾಗೆ ರಿಂಗ್ ತಿರುಗಿಸಿದ್ದೀಯಾ?"

ಅವನು ಯೋಚಿಸಿದ. ಯೋಚಿಸಿಯೇ ಉತ್ತರ ಕೊಡುವ ಅವನ ಈ ಅಭ್ಯಾಸ ಅವಳಿಗೆ ಎಷ್ಟು ಸೇರುತ್ತಿತ್ತೋ ಅಷ್ಟೇ ಮೈ ಉರಿಸುತ್ತಿತ್ತು.

"ಇಲ್ಲ. ನೀನು ಹತ್ತಿರ ಬರುವಾಗ ಕತ್ತಲೆ ಮಾಡ್ಬೇಕು ಅಂತ ಯಾವತ್ತೂ ಅನ್ಸಿಲ್ಲ."

ಅವಳು ಮುಖ ಆ ಕಡೆ ತಿರುಗಿಸಿಕೊಂಡಳು. ಕಣ್ಣು ತುಂಬಿದ್ದನ್ನು ಅವನು ನೋಡುವುದು ಬೇಕಿರಲಿಲ್ಲ.

"ಆದ್ರೂ ಒಂದು ಮಾತು" ಎಂದ ಮೋಡ. ದನಿಯಲ್ಲಿ ಏನೋ ತುಂಟತನ ಸೇರಿಕೊಂಡಿತ್ತು. "ನನ್ನ ವಿಷಯಕ್ಕೆ ಇದುವರೆಗೂ ಯಾರೂ ಹೊಟ್ಟೆ ಉರ್ಕೊಂಡಿರ್ಲಿಲ್ಲ. ನೀನು ನೋಡಿದ್ರೆ ಬಾಗ್ಲು ಹಾಕ್ಕೊಂಡು, ಕಣ್ಣು ಮುಚ್ಚಿರೋ ಶಾಟ್‌ಗಳನ್ನೆಲ್ಲ ಆರ್ಸಿ ಆರ್ಸಿ... ಆ ಸೀನನ್ನ ಸ್ಲೋ ಮೋಷನ್ ಬೇರೆ ಮಾಡಿದ್ದೀಯಲ್ಲೇ!"

"ಅದು ತಾಳಕ್ಕೆ ಸರಿಯಾಗ್ಲಿ ಅಂತ."

"ಹೌದೌದು."

"ನಗ್ಬೇಡ."

ಅವನು ನಗುತ್ತಲೇ ಇದ್ದ. ಅವಳ ತುಟಿಯಂಚು ಎಷ್ಟು ಬಿಗಿಹಿಡಿದರೂ ಮಾತು ಕೇಳಲಿಲ್ಲ. ಗೋಡೆಗೊತ್ತಿದ್ದ ಕುರ್ಚಿ ಯಾವಾಗ ಮುಂದೆ ಬಂತೋ ತಿಳಿಯದು, ಮೊಣಕಾಲು ಮೊಣಕಾಲಿಗೆ ತಾಗಿತ್ತು.

"ನಿನ್ನ ತಮ್ಮನ ಮನೆ ನಂಬರ್ ಕೊಡು" ಎಂದಳು ಅವಳು ಇದ್ದಕ್ಕಿದ್ದಂತೆ.

ನಗು ಹೋಯಿತು. "ಯಾಕೆ?"

"ಕೊಡು ಅಂದ್ನಲ್ಲ."

"ನೋಡು, ಅವಳಿಗೆ ಏನೂ ಗೊತ್ತಿಲ್ಲ. ಪಾಪ, ಈಗ ಏನೇನೋ ಕೇಳಿ..."

"ಪಾಪ ಅನ್ನೋದೊಂದು ಬಾಕಿ ಇತ್ತು! ನಂಬರ್ ಕೊಡು."

ಅವನು ಕೊಟ್ಟ. ಅವಳು ಒತ್ತಿದಳು. ಫೋನ್ ರಿಂಗಾಗುತ್ತಿರುವಷ್ಟು ಹೊತ್ತು ಮೋಡ ಶಾಲೆಯಲ್ಲಿ ರಿಸಲ್ಟ್ ಓದುವಾಗ ನಿಲ್ಲುವ ಹುಡುಗನ ಹಾಗೆ ಬೆರಳು ಹಿಸುಕುತ್ತ ಕೂತಿದ್ದ.

"ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ಬೇಡ ಅಂತ ಎಷ್ಟು ಸಲ ಹೇಳೋದು! ಹಲೋ?"

ಹಾಡು ಹಾಡಿದವರು ಬೇರೆ. ಕಿಟಕಿ ಹುಡುಗಿಯ ದನಿಯನ್ನು ಲೋಕ ಕೇಳಿಯೇ ಇರಲಿಲ್ಲ. ಈಗ ಕತ್ತರಿ ಕೇಳಿದಳು. ನೆಗಡಿಯಾಗಿ ಒಡೆದ, ಕೆಲಸದ ನಡುವೆ ಎದ್ದುಬಂದ ಹೆಂಗಸೊಬ್ಬಳ ದನಿ.

"ಹಲೋ, ಯಾರು?"

ಇನ್ನೊಬ್ಬರ ಮಾತನ್ನು ಕತ್ತರಿಸಿ ಕೂಡಿಸುತ್ತ ಬದುಕಿದ ಕತ್ತರಿಗೆ ತನ್ನದೊಂದು ಮಾತು ಸಿಗಲಿಲ್ಲ. ಬೈಯಬೇಕೆಂದು ಫೋನ್ ಮಾಡಿದಳೋ, ಬರೀ ದನಿ ಕೇಳಬೇಕೆಂದು ಮಾಡಿದಳೋ ಅವಳಿಗೇ ತಿಳಿಯದು. ಎದುರಿಗೆ ಕೂತವನ ಮುಖ ನೋಡಿದಳು. ಎಷ್ಟೋ ವರ್ಷ ಒಂದು ಮನೆಯ ಮೆಟ್ಟಿಲು ಹತ್ತಲಾಗದೆ ಉಳಿದವನು. ಒಬ್ಬನೇ ಹತ್ತುವುದು ಅವನಿಂದ ಆಗುವ ಮಾತಲ್ಲ ಎನ್ನುವುದು ಅವಳಿಗೆ ಆಗ ಹೊಳೆಯಿತು.

"ಯಾರು ಬೇಕಿತ್ತು ನಿಮಗೆ?"

"ನೀನೇ ಬೇಕಿತ್ತು" ಎಂದಳು ಕತ್ತರಿ. "ನಾನು ನಿನ್ನ ಓರಗಿತ್ತಿ."

ಮೋಡ ತಲೆಯೆತ್ತಿದ. ಅಣ್ಣನ ಹೆಂಡತಿ ತಾನೇ ತಮ್ಮನ ಹೆಂಡತಿಗೆ ಓರಗಿತ್ತಿ? ತಾನು ಮೆಟ್ಟಿಲ ಮೇಲೆ ಕೇಳಿದ್ದ ಪ್ರಶ್ನೆಗೆ ಉತ್ತರ ಹೀಗೆ, ಇನ್ನೊಬ್ಬಳ ಕಿವಿಗೆ ಬಿದ್ದು ಬರುತ್ತದೆ ಎಂದು ಅವನು ಎಣಿಸಿರಲಿಲ್ಲ. ಅವಳು ಬಿಡುವಾಗಿದ್ದ ಕೈಯಿಂದ ಅವನ ಕಾಲರು ಎಳೆದು ಸರಿಮಾಡಿದಳು.

ಆ ಕಡೆಯಿಂದ ಇಡೀ ಬೀದಿಗೆ ಕೇಳುವ ಹಾಗೆ ಒಂದು ಕೂಗು.

"ರೀ! ಬೇಗ ಬನ್ರೀ ಇಲ್ಲಿ! ನಿಮ್ಮಣ್ಣ ಮದುವೆ ಆಗ್ತಿದ್ದಾರಂತೆ!" ಮತ್ತೆ ಫೋನಿನ ಹತ್ತಿರ ಬಂದ ದನಿ, ಅಳುವೋ ನೆಗಡಿಯೋ, ಗದ್ಗದವಾಗಿತ್ತು. "ಅಕ್ಕಾ... ಎಷ್ಟು ವರ್ಷ ಆಯ್ತು ಗೊತ್ತಾ ನಾವು ಕರೀತಾ? ಇಬ್ರೂ ಬನ್ನಿ, ನಾಳೆನೇ ಬನ್ನಿ. ಭಾವ ಅಲ್ಲೇ ಇದ್ದಾರಾ? ಅವರಿಗೆ ಒಂಚೂರು ಫೋನ್ ಕೊಡಿ ಅಕ್ಕ."

ಮೋಡ ಕೈ ಚಾಚಿದ.

"ಕೊಡಲ್ಲ" ಎಂದಳು ಕತ್ತರಿ. "ಏನಿದ್ರೂ ನನ್ನ ಹತ್ರ ಹೇಳು."